ಹುತಾತ್ಮರ ಮನೆಗೆ ಬಿದ್ರಿ ನಾಮಫಲಕ: ಬೀದರಿನ ಚೌಬಾರಾ ಸುತ್ತಲಿನ ಕೆಲಸ ಹೇಗಿದೆ

ಭಯೋತ್ಪಾದಕರ ಗುಂಡಿಗೆ ಎದೆಯೊಡ್ಡಿ ಜನರನ್ನು ಉಳಿಸಿದ ಪೊಲೀಸರ, ಸೈನಿಕರ ಮನೆಯವರನ್ನು ಕರೆದು ಗೌರವಿಸುವ ಕಾರ್ಯಕ್ರಮಗಳು ಕಲಬುರಗಿ, ಬೀದರ, ಯಾದಗಿರಿ ಕಡೆ ಪ್ರತಿ ವರ್ಷ ನಡೆಯುತ್ತವೆ. ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನ, ಡಿಸೆಂಬರ್ 7ರ ಧ್ವಜ ದಿನ, ಜುಲೈ 26ರ ಕಾರ್ಗಿಲ್ ವಿಜಯ ದಿವಸ. ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಕೊನೆಗೆ ಒಂದು ಅಕ್ರಿಲಿಕ್ ಮೊಮೆಂಟೊ. ಅದರ ಮೇಲಿನ ಸ್ಟಿಕ್ಕರ್ ಅಕ್ಷರ ಎರಡು ಬೇಸಿಗೆ ಕಳೆಯುವುದರೊಳಗೆ ಅಂಚು ಬಿಡುತ್ತದೆ. ಮಗನ ಹೆಸರಿನ ಅರ್ಧ ಅಕ್ಷರ ಕಿತ್ತುಹೋದ ಫಲಕವನ್ನು ತಾಯಿ ನೋಡುತ್ತ ಕೂರುವಂತೆ ಮಾಡುವುದಕ್ಕಿಂತ ಏನೂ ಕೊಡದಿರುವುದೇ ವಾಸಿ.

ನಮ್ಮ ಜಿಲ್ಲೆಗಳಲ್ಲೇ ಇದಕ್ಕೆ ತಕ್ಕ ವಸ್ತು ಇದೆ: ಕಪ್ಪು ಲೋಹದಲ್ಲಿ ಬೆಳ್ಳಿಯ ಹೆಸರು ಕೂರಿಸಿದ ಬಿದ್ರಿ ಫಲಕ. ಬೀದರಿನ ಹಳೆ ಊರಿನ ನಡುವಿನ ಗೋಪುರ ಚೌಬಾರಾ ಸುತ್ತಲಿನ ಅಂಗಡಿಗಳಲ್ಲಿ, ಅವುಗಳ ಹಿಂದಿನ ಕಾರ್ಖಾನೆಗಳಲ್ಲಿ ಇದನ್ನು ಆರ್ಡರ್ ಕೊಟ್ಟು ಮಾಡಿಸಬಹುದು. ಮನೆಯೊಳಗೆ ಗೋಡೆಗೆ ಹಾಕಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆದರೆ ಒಂದು ಷರತ್ತು. ಅಂಗಡಿಯಲ್ಲಿ ತಯಾರಿರುವ ಕೋಟೆ ಚಿತ್ರದ, ನವಿಲಿನ ತಟ್ಟೆ ಕೊಂಡು, ಕೆಳಗೆ ಹೆಸರಿನ ಹಿತ್ತಾಳೆ ಪಟ್ಟಿ ಅಂಟಿಸಿಕೊಂಡು ಬರುವುದಾದರೆ ದುಡ್ಡು ದಂಡ. ಗೌರವ ಇರುವುದು ಹೆಸರಿಗೆ. ಹೆಸರೇ ಬೆಳ್ಳಿಯಾಗಬೇಕು, ಹೂವಿನ ಬಳ್ಳಿ ಅಂಚಿನಲ್ಲಿ ಇರಬೇಕು.

ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಎಲ್ಲಿ ಎಡವುತ್ತದೆ ಎಂಬುದೂ ತಿಳಿಯುತ್ತದೆ. ಬಿದ್ರಿ ಲೋಹವೆಂದರೆ ಬಹುಪಾಲು ಸತು, ಸ್ವಲ್ಪ ತಾಮ್ರ. 16 ಪಾಲಿಗೆ 1 ಪಾಲು ಎನ್ನುವುದು ರೂಢಿಯ ಲೆಕ್ಕ. ಔಡಲೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಚೂಪು ಮೊನೆಯಿಂದ ನಕ್ಷೆ ಬರೆಯುತ್ತಾರೆ. ಆಮೇಲೆ ಉಳಿಯಿಂದ ಗೀರು ತೋಡಿ ಶುದ್ಧ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಅರ, ಉಪ್ಪುಕಾಗದ. ಕೊನೆಗೆ ಬೀದರ ಕೋಟೆಯಲ್ಲಿ ಬಿಸಿಲು, ಮಳೆ ತಾಗದ ಜಾಗದ ಹಳೆಯ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಫಲಕಕ್ಕೆ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣು ಸರಿಯಿದೆಯೋ ಇಲ್ಲವೋ ಎಂದು ಉಸ್ತಾದರು, ಅಂದರೆ ಹಿರಿಯ ಕಸುಬುದಾರರು, ನಾಲಿಗೆ ಮೇಲಿಟ್ಟು ನೋಡುತ್ತಾರೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು.

ಇದರಲ್ಲಿ ನಾವು ಕೈ ಹಾಕಬಹುದಾದ ಹಂತ ಒಂದೇ, ನಕ್ಷೆ. ಉಳಿ ಬಿದ್ದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ. ತಪ್ಪಾದರೆ ಇಡೀ ಫಲಕವನ್ನೇ ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು. ಆದ್ದರಿಂದ ಮಾತು ಮೊದಲೇ ಆಗಲಿ: “ಉಸ್ತಾದರೆ, ಹೆಸರು ಮೊದಲು ಲೋಹದ ಮ್ಯಾಲೆ ಬರದು ತೋರಸ್ರಿ, ನಾವು ಓದಿ ಹೂಂ ಅಂದಮ್ಯಾಲೆ ಉಳಿ ಹಚ್ಚರಿ.” ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಒಳ್ಳೆಯ ಕಸುಬುದಾರರು ತಾವೇ ಕೇಳುತ್ತಾರೆ. ಊರು ದೂರವಾದರೆ ಆ ಹಂತದ ಫೋಟೊ ವಾಟ್ಸ್‌ಆ್ಯಪ್‌ಗೆ ತರಿಸಿಕೊಳ್ಳಿ. ಕಪ್ಪು ಲೋಹದ ಮೇಲೆ ಗೀರು ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು. ಎದುರಿನಿಂದ ಫ್ಲಾಶ್ ಹಾಕಿ ತೆಗೆದ ಚಿತ್ರದಲ್ಲಿ ಒತ್ತಕ್ಷರ ಕಾಣುವುದೇ ಇಲ್ಲ.

ಕೆತ್ತುವವರು ಅಕ್ಷರವನ್ನು ಆಕಾರವಾಗಿ ನೋಡುತ್ತಾರೆ, ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸುತ್ತಾರೆ. ಹಾಗಾಗಿ ಕಾಗದ ಸರಿಯಿರಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆಗೆದರೆ ಕನ್ನಡದ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ ಬರುತ್ತದೆ. ಅದಕ್ಕಿಂತ ಅಪಾಯದ್ದು, ಕೆಲವು ವಿನ್ಯಾಸದ ಸಾಫ್ಟ್‌ವೇರ್‌ಗಳಲ್ಲಿ ಯೂನಿಕೋಡ್ ಅಂಟಿಸಿದಾಗ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಕಾವತ್ತು ಜಾಗ ತಪ್ಪಿ ಬರುವುದು; ಅದು ನೋಡಲು ಕನ್ನಡದಂತೆಯೇ ಇರುತ್ತದೆ, ಆತುರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಫಲಕದಷ್ಟೇ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಕೆಳಗೆ ಸಹಿ ಹಾಕಿ, ಒಂದು ಪ್ರತಿ ಅಂಗಡಿಗೆ ಕೊಟ್ಟು ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಅಳತೆಯ ವಿಚಾರ. 8 ಇಂಚು ಎತ್ತರ, 10 ಇಂಚು ಅಗಲ, 4 ಮಿ.ಮೀ. ದಪ್ಪದ ಫಲಕ ಸುಮಾರು ಒಂದೂವರೆ ಕಿಲೋ ತೂಗುತ್ತದೆ, ಮನೆಗೆ ಇದು ಸಾಕು. ಅಂಚಿನ ಬಳ್ಳಿ ಬಿಟ್ಟರೆ ಬರೆಯಲು 20 ಸೆಂ.ಮೀ. ಅಗಲ ಉಳಿಯುತ್ತದೆ. ಅಕ್ಷರದ ಎತ್ತರ 12 ಮಿ.ಮೀ. ಇಟ್ಟರೆ, ಜಾಗ ಬಿಡುವುದೂ ಸೇರಿ ಒಂದು ಸಾಲಿಗೆ 16 ಅಕ್ಷರ. ಕೆಳಗೆ ಒತ್ತಕ್ಷರಕ್ಕೆ 8 ಮಿ.ಮೀ., ಸಾಲಿನ ನಡುವೆ 6 ಮಿ.ಮೀ. ಬಿಟ್ಟರೆ ಐದು ಸಾಲು ನೆಮ್ಮದಿಯಾಗಿ ಕೂರುತ್ತವೆ. ಅದಕ್ಕಿಂತ ಹೆಚ್ಚು ತುರುಕಬೇಡಿ. ‘ರಾಷ್ಟ್ರೀಯ ರೈಫಲ್ಸ್’ ಎಂಬುದರಲ್ಲಿ ಷಕ್ಕೆ ಟ, ಅದರ ಕೆಳಗೆ ರ, ಮೇಲೆ ದೀರ್ಘ. ಅಕ್ಷರ ಚಿಕ್ಕದಾದರೆ ಒಂದು ಗೀರಿನ ಗೋಡೆ ಇನ್ನೊಂದರೊಳಗೆ ಕುಸಿಯುತ್ತದೆ, ಬೆಳ್ಳಿ ಹಿಡಿಯಲು ಲೋಹವೇ ಉಳಿಯುವುದಿಲ್ಲ. ‘ಇನ್‌ಸ್ಪೆಕ್ಟರ್’, ‘ಕಾನ್‌ಸ್ಟೆಬಲ್’ ಕೂಡ ಇದೇ ಪಂಗಡ. ಹೆಸರಿನ ಸಾಲನ್ನು ತಗಡು ಬೆಳ್ಳಿಯಲ್ಲಿ, ದಪ್ಪ ಗೆರೆಯಲ್ಲಿ ಮಾಡಿಸಿ. ತಂತಿ ಬೆಳ್ಳಿ ಬಳ್ಳಿಗೆ, ಚಿಕ್ಕ ಸಾಲುಗಳಿಗೆ ಚೆನ್ನ. ಹೆಸರಿಗೆ ತಂತಿ ಹಾಕಿದರೆ ಕೋಣೆಯ ಈ ತುದಿಯಿಂದ ಓದಲಾಗುವುದಿಲ್ಲ.

ಮುಖದ ಚಿತ್ರವನ್ನೂ ಬಿದ್ರಿಯಲ್ಲಿ ಮಾಡಿಸೋಣ ಎಂದು ಕೆಲವರು ಹಟ ಹಿಡಿಯುತ್ತಾರೆ. ಬೇಡ. ಬೆಳ್ಳಿ ಮತ್ತು ಕಪ್ಪು ಎರಡೇ ಬಣ್ಣ, ನಡುವಿನ ನೆರಳು ಇಲ್ಲ. ಮನೆಯವರು ಗುರುತು ಹಿಡಿಯದ ಮುಖ ಗೋಡೆಯ ಮೇಲೆ ಬರುತ್ತದೆ. ಫೋಟೊ ಬೇರೆ ಇರಲಿ, ಫಲಕ ಅದರ ಕೆಳಗಿರಲಿ.

ಏನು ಬರೆಯಬೇಕು? ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಒಬ್ಬೊಬ್ಬರಿಗೂ ಗ್ರಾನೈಟಿನ ಒಂದೊಂದು ಫಲಕ. ಸೇವಾ ಸಂಖ್ಯೆ, ಹುದ್ದೆ, ಹೆಸರು, ಪಡೆ, ಅಷ್ಟೇ. ಹೊಗಳಿಕೆಯ ಒಂದು ಪದವೂ ಇಲ್ಲ. ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ತೆರೆದ ರಾಷ್ಟ್ರೀಯ ಪೊಲೀಸ್ ಸ್ಮಾರಕದ ಶೌರ್ಯದ ಗೋಡೆಯ ಮೇಲೂ ಬರೀ ಹೆಸರುಗಳೇ, ಆಗಲೇ 34,844. ಅದೇ ದಾರಿ ನಮಗೂ ಸಾಕು. ಮೊದಲ ಸಾಲು ಹುದ್ದೆ, ಎರಡನೆಯದು ಹೆಸರು, ಮೂರನೆಯದು ಪಡೆ ಮತ್ತು ಸಂಖ್ಯೆ, ನಾಲ್ಕನೆಯದು ಹುತಾತ್ಮರಾದ ಜಾಗ ಮತ್ತು ದಿನ, ಐದನೆಯದು ಪದಕ. ‘ಸಹಾಯಕ ಸಬ್ ಇನ್‌ಸ್ಪೆಕ್ಟರ್’ ಎಂಬ ಹುದ್ದೆಗೇ ಒಂದು ಸಾಲು ಬೇಕು, ಹೆಸರಿನ ಜೊತೆ ಸೇರಿಸಿದರೆ ಎರಡೂ ಕೆಡುತ್ತವೆ. ಕೊಟ್ಟ ಸಂಘದ ಹೆಸರು, ಅಧ್ಯಕ್ಷರ ಹೆಸರು, ಪ್ರಾಯೋಜಕರ ಹೆಸರು ಮುಂಭಾಗದಲ್ಲಿ ಬೇಡವೇ ಬೇಡ. ಹಿಂದಿನ ಮರದ ಹಲಗೆಯ ಮೇಲೆ ಬರೆಯಿಸಿ.

ಹೆಸರನ್ನು ಮನೆಯವರಿಂದಲೇ ಬರೆಸಿಕೊಳ್ಳಿ. ನಮ್ಮ ಕಡೆ ‘ಪಾಟೀಲ’, ‘ಬಿರಾದಾರ’, ‘ಕಲ್ಯಾಣರಾವ’. ಬೆಂಗಳೂರಿನ ಟೈಪಿಂಗಿನಲ್ಲಿ ಅದು ‘ಪಾಟೀಲ್’, ‘ಬಿರಾದಾರ್’, ‘ಕಲ್ಯಾಣರಾವ್’ ಆಗಿ ಬರುತ್ತದೆ. ಸೇವಾ ದಾಖಲೆ ಇಂಗ್ಲಿಷಿನಲ್ಲಿ ಇರುವುದರಿಂದ ಅಲ್ಲಿಂದ ಕನ್ನಡಕ್ಕೆ ಇಳಿಸುವಾಗ ಳ ಹೋಗಿ ಲ ಬರುತ್ತದೆ, ಠ ಹೋಗಿ ತ ಬರುತ್ತದೆ. ಹೆಸರಿಗೆ ಮನೆಯವರ ಮಾತೇ ಕೊನೆ. ಹುದ್ದೆ, ಸಂಖ್ಯೆ, ದಿನಾಂಕಕ್ಕೆ ಮಾತ್ರ ದಾಖಲೆ ನೋಡಿ: ಸೈನಿಕರಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಪೊಲೀಸರಾದರೆ ಜಿಲ್ಲಾ ಪೊಲೀಸ್ ಕಚೇರಿ.

ದಿನಾಂಕದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಮುಂಬಯಿ ದಾಳಿಯನ್ನು ಎಲ್ಲರೂ 26/11 ಎನ್ನುತ್ತಾರೆ. ಆದರೆ ತಾಜ್ ಹೋಟೆಲಿನೊಳಗೆ ತನ್ನವರನ್ನು ಹಿಂದಕ್ಕೆ ನಿಲ್ಲಿಸಿ ಒಬ್ಬರೇ ಮುನ್ನುಗ್ಗಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹುತಾತ್ಮರಾದದ್ದು 28-11-2008. ಗಿರ್ಗಾಂವ್ ಚೌಪಾಟಿಯಲ್ಲಿ ಬರಿಗೈಯಲ್ಲಿ ಕಸಬ್‌ನ ಬಂದೂಕಿನ ನಳಿಕೆ ಹಿಡಿದು ಗುಂಡುಗಳನ್ನೆಲ್ಲ ತನ್ನ ಮೈಮೇಲೆ ತೆಗೆದುಕೊಂಡ ತುಕಾರಾಮ್ ಓಂಬ್ಳೆ ಬಿದ್ದಾಗ ನಡುರಾತ್ರಿ ದಾಟಿತ್ತು. ಪಠಾಣ್‌ಕೋಟ್ ವಾಯುನೆಲೆಯ ದಾಳಿ ಶುರುವಾದದ್ದು 2016ರ ಜನವರಿ 2ರಂದು, ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಪ್ರಾಣ ಬಿಟ್ಟದ್ದು ಮರುದಿನ. ದಾಳಿಯ ದಿನವನ್ನೇ ಕೆತ್ತಿಸಿಬಿಟ್ಟರೆ ಮನೆಯವರು ಪುಣ್ಯತಿಥಿ ಮಾಡುವ ದಿನಕ್ಕೂ ಫಲಕಕ್ಕೂ ತಾಳೆಯಾಗುವುದಿಲ್ಲ. ಇನ್ನೊಂದು ಗೊಂದಲ, ಪಾರ್ಥಿವ ಶರೀರ ಊರಿಗೆ ಬಂದ ದಿನ. ಊರವರ ನೆನಪಿನಲ್ಲಿ ಉಳಿಯುವುದು ಆ ದಿನ, ದಾಖಲೆಯಲ್ಲಿ ಇರುವುದು ಬೇರೆ ದಿನ. ತಿಂಗಳನ್ನು ಅಕ್ಷರದಲ್ಲಿ ಬರೆಯುವ ಬದಲು 14-02-2019 ಎಂಬಂತೆ ಅಂಕಿಯಲ್ಲೇ ಬರೆಸುವುದು ಒಳ್ಳೆಯದು: ಜಾಗ ಉಳಿಯುತ್ತದೆ, ‘ಫೆಬ್ರವರಿ’ಯಲ್ಲಿ ಒತ್ತು ಕೆಡುವ ಭಯವೂ ಇಲ್ಲ. ಅದು ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರನ್ನು ಕಳೆದುಕೊಂಡ ದಿನ. ಮದ್ದೂರು ತಾಲೂಕಿನ ಗುಡಿಗೆರೆಯ ಎಚ್. ಗುರು ಅವರಲ್ಲಿ ಒಬ್ಬರು.

ಪದಕದ ಹೆಸರನ್ನು ನೆನಪಿನಿಂದ ಬರೆಯಬೇಡಿ. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಯುದ್ಧವಲ್ಲದ ಹೊತ್ತಿನ ಶೌರ್ಯದ ಸಾಲು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಯುದ್ಧದ ಸಾಲು. ಶೌರ್ಯ ಚಕ್ರ ಬಂದವರಿಗೆ ‘ವೀರ ಚಕ್ರ’ ಎಂದು ಬರೆದು ಕೊಟ್ಟರೆ ಗೌರವ ಹೆಚ್ಚಾಗುವುದಿಲ್ಲ, ಸುಳ್ಳಾಗುತ್ತದೆ. ಪೊಲೀಸರಿಗೂ ಅಶೋಕ ಚಕ್ರ ಬರುತ್ತದೆ: 2001ರ ಡಿಸೆಂಬರ್ 13ರಂದು ಸಂಸತ್ತಿನ ಬಾಗಿಲಲ್ಲಿ ಕೂಗಿ ಎಚ್ಚರಿಸುತ್ತ ಗುಂಡಿಗೆ ಬಲಿಯಾದ ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ ಅವರಿಗೆ, ತುಕಾರಾಮ್ ಓಂಬ್ಳೆ ಅವರಿಗೆ ಬಂದದ್ದು ಅದೇ. ಪದಕಗಳ ಘೋಷಣೆ ಸಾಮಾನ್ಯವಾಗಿ ಜನವರಿ 26, ಆಗಸ್ಟ್ 15ರ ಹೊತ್ತಿಗೆ ಆಗುವುದರಿಂದ, ಹುತಾತ್ಮರಾದ ಕೆಲವೇ ತಿಂಗಳಲ್ಲಿ ಮಾಡಿಸಿದ ಫಲಕದಲ್ಲಿ ಆ ಸಾಲು ಇರುವುದಿಲ್ಲ. ಆಮೇಲೆ ಕೂರಿಸಬೇಕೆಂದರೆ ಇಡೀ ಫಲಕಕ್ಕೆ ಮತ್ತೆ ಕಪ್ಪು ಹಾಕಬೇಕು. ಇದಕ್ಕೆ ಸುಲಭದ ಉಪಾಯವಿದೆ: ಮರದ ಹಲಗೆಯನ್ನು ಫಲಕಕ್ಕಿಂತ ಎರಡು ಇಂಚು ಉದ್ದ ಮಾಡಿಸಿಡಿ, ಪದಕ ಬಂದಾಗ ಒಂದೂವರೆ ಇಂಚಿನ ಬಿದ್ರಿ ಪಟ್ಟಿಯೊಂದನ್ನು ಕೆಳಗೆ ಸೇರಿಸಬಹುದು.

ಮೂರು ಸಿಂಹದ ಲಾಂಛನವನ್ನು ಮೇಲ್ಗಡೆ ಹಾಕಿಕೊಡಿ ಎಂದು ಕೇಳುವವರು ಬಹಳ. ರಾಷ್ಟ್ರಲಾಂಛನದ ದುರ್ಬಳಕೆ ತಡೆಯುವ 2005ರ ಕಾಯ್ದೆಯ ಪ್ರಕಾರ ಖಾಸಗಿ ಸಂಘ ಅದನ್ನು ಬಳಸುವಂತಿಲ್ಲ. ರೆಜಿಮೆಂಟಿನ ಚಿಹ್ನೆ ಬೇಕೆಂದರೆ ಆ ಘಟಕವನ್ನು ಕೇಳಿ ಮುಂದುವರಿಯಿರಿ. ರಾಷ್ಟ್ರಧ್ವಜದ ಮೇಲೆ ಅಕ್ಷರ ಬರೆಯುವುದೂ ಸಲ್ಲದು. ತಲೆಕೆಳಗಾಗಿ ನೆಟ್ಟ ಬಂದೂಕು, ಅದರ ಮೇಲೆ ಹೆಲ್ಮೆಟ್, ಇಷ್ಟೇ ಸಾಕು. ತಂತಿ ಕೆಲಸದಲ್ಲಿ ಚೆಂದ ಬರುತ್ತದೆ.

ಫಲಕ ಕೈಗೆ ಬಂದಾಗ ಅಂಗಡಿಯಲ್ಲೇ ನಿಂತು ನೋಡಬೇಕಾದದ್ದು: ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬೆಳ್ಳಿಯ ಅಂಚಿಗೂ ಕಪ್ಪಿಗೂ ನಡುವೆ ಕೂದಲೆಳೆಯ ಸಂದಿ ಕಂಡರೆ ಗೀರು ಅಗಲವಾಗಿದೆ ಎಂದರ್ಥ, ಅಲ್ಲಿ ಎಣ್ಣೆ, ಧೂಳು ಸೇರಿ ಬೆಳ್ಳಿ ಸಡಿಲವಾಗುತ್ತದೆ. ಉಣ್ಣೆಯ ಬಟ್ಟೆ ಆಡಿಸಿ. ಎಳೆ ಸಿಕ್ಕಿಕೊಂಡ ಕಡೆ ತಂತಿಯ ತುದಿ ಮೇಲೆದ್ದಿದೆ. ಸೂಜಿ ಚುಚ್ಚಿದಂಥ ತೂತುಗಳು ಎರಕದಲ್ಲಿ ಗಾಳಿ ಉಳಿದದ್ದರಿಂದ ಬರುತ್ತವೆ. ಅಂಚಿನಲ್ಲಿ ಒಂದೆರಡಿದ್ದರೆ ಚಿಂತೆಯಿಲ್ಲ, ಹೆಸರಿನ ಸಾಲಿನಲ್ಲಿದ್ದರೆ ಒಪ್ಪಬೇಡಿ. ಕಪ್ಪು ಒಂದೇ ಸಮ ಇರಬೇಕು. ಒಂದು ಮೂಲೆ ಬೂದುಬಣ್ಣಕ್ಕೆ ತಿರುಗಿದ್ದರೆ ಕಾಯಿಸುವಾಗ ಶಾಖ ಎಲ್ಲ ಕಡೆ ಸಮನಾಗಿ ಬಿದ್ದಿಲ್ಲ, ಮತ್ತೊಮ್ಮೆ ಮಾಡಿಕೊಡಲು ಹೇಳಿ. ಬಣ್ಣ ಬಳಿದ ನಕಲಿನ ಅನುಮಾನವಿದ್ದರೆ ಹಿಂಬದಿಯ ಮೂಲೆಯಲ್ಲಿ ಹತ್ತಿಗೆ ಥಿನ್ನರ್ ಹಾಕಿ ಒರೆಸಿ. ಬಳಿದ ಬಣ್ಣ ಹತ್ತಿಗೆ ಬರುತ್ತದೆ, ಮಣ್ಣಿನ ಕಪ್ಪು ಬರುವುದಿಲ್ಲ.

ಈಗ ಬಹಳ ಜನ ಯೋಚಿಸದ ವಿಷಯ. ಈ ಫಲಕ ಮನೆಯಲ್ಲಿ ಫೋಟೊದ ಪಕ್ಕ ಇರುತ್ತದೆ, ಫೋಟೊಕ್ಕೆ ಪೂಜೆ ನಡೆಯುತ್ತದೆ. ಕುಂಕುಮ, ವಿಭೂತಿ, ಒದ್ದೆ ಹೂವಿನ ಮಾಲೆ, ಒಡೆದ ಕಾಯಿಯ ನೀರು, ಎಲ್ಲವೂ ಇದರ ಮೇಲೆ ಬೀಳುತ್ತದೆ. ಸತು ಹುಳಿಗೂ ಕರಗುತ್ತದೆ, ಸುಣ್ಣದಂಥ ಕ್ಷಾರಕ್ಕೂ ಕರಗುತ್ತದೆ. ನೀರು ನಿಂತರೆ ಬೆಳ್ಳಿಯ ಅಂಚಿನ ಸುತ್ತಲೇ ಮೊದಲು ಬಿಳಿ ಪುಡಿ ಏಳುತ್ತದೆ, ಏಕೆಂದರೆ ತೇವದಲ್ಲಿ ಎರಡು ಲೋಹ ತಾಗಿ ನಿಂತಾಗ ಸವೆಯುವುದು ಸತು. ಮನೆಯವರಿಗೆ ಕೊಡುವಾಗಲೇ ಸಮಾಧಾನದಿಂದ ಹೇಳಿ: “ಅಮ್ಮಾರ, ಹೂವು ಫೋಟೊಕ್ಕ ಹಾಕ್ರಿ, ಇದಕ್ಕ ಕೈಯಿಂದ ಮುಟ್ಟಿ ನಮಸ್ಕಾರ ಮಾಡ್ರಿ ಸಾಕು.” ಹಬ್ಬಕ್ಕೆ ಹಿತ್ತಾಳೆ ಪಾತ್ರೆಗಳ ಜೊತೆ ಇದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಕಪ್ಪು ಹೋಗಿ ಬೂದುಬಣ್ಣದ ತಗಡು ಉಳಿಯುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಆಗೀಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಪೂರ್ತಿ ಒರೆಸಿ ತೆಗೆಯಬೇಕು. ಇದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಲಗೆಯ ಹಿಂದೆ ಅಂಟಿಸಿ.

ಈ ಲೋಹ ಪೆಡಸು. ಹಿತ್ತಾಳೆಯಂತೆ ಬಾಗುವುದಿಲ್ಲ, ಮುರಿಯುತ್ತದೆ. ನಮ್ಮ ಮನೆಗಳ ನೆಲ ಶಹಾಬಾದ ಪರಸಿ ಕಲ್ಲು. ಎದೆಯೆತ್ತರದಿಂದ ಬಿದ್ದರೆ ಮೂಲೆ ಸಿಡಿಯುವುದು ಗ್ಯಾರಂಟಿ. ಒಂದೇ ಮೊಳೆಗೆ ತೂಗುಹಾಕದೆ ಸಾಗವಾನಿ ಹಲಗೆಗೆ ಕೂರಿಸಿ, ಎರಡು ಕೊಕ್ಕೆ ಹಾಕಿಸಿ. ಹಲಗೆಗೆ ಬಿಗಿಯುವ ಸ್ಕ್ರೂ ಲೋಹಕ್ಕೆ ನೇರ ತಾಗದಂತೆ ಪ್ಲಾಸ್ಟಿಕ್ ವಾಷರ್ ಇರಲಿ, ಅತಿ ಬಿಗಿ ಬೇಡ.

ಊರ ವೃತ್ತದಲ್ಲೋ ಶಾಲೆಯ ಅಂಗಳದಲ್ಲೋ ಇಡುವುದಾದರೆ ಬಿದ್ರಿಯ ಮಾತೇ ಬೇಡ, ಕಲ್ಲು ಬೇಕು. ಶಹಾಬಾದ ಕಲ್ಲು ಅಗ್ಗ, ಹತ್ತಿರದಲ್ಲೇ ಸಿಗುತ್ತದೆ. ಆದರೆ ಅದು ಸುಣ್ಣದ ಕಲ್ಲು, ಪದರ ಪದರವಾಗಿ ಬೆಳೆದದ್ದು. ಹಾಸಿದರೆ ತಲೆಮಾರು ಬರುತ್ತದೆ. ನಿಲ್ಲಿಸಿ ನೆಟ್ಟರೆ ಬುಡದಿಂದ ನೆಲದ ಉಪ್ಪುನೀರು ಏರಿ ಪದರ ಬಿಡುತ್ತದೆ, ಅಕ್ಷರವೂ ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತದೆ. ಹೆಸರಿಗೆ ಕರಿ ಗ್ರಾನೈಟ್, ಸುತ್ತಲಿನ ಕಟ್ಟೆಗೆ ಶಹಾಬಾದ ಕಲ್ಲು, ಇದು ಸರಿಯಾದ ಜೋಡಿ. ಅಕ್ಷರ ಕನಿಷ್ಠ 3 ಮಿ.ಮೀ. ಆಳವಾಗಿ ಕೊರೆದಿರಬೇಕು. ಮೇಲೆ ತುಂಬಿದ ಬಂಗಾರದ ಬಣ್ಣ ನಮ್ಮ ಬಿಸಿಲಿಗೆ ಹಾರುತ್ತದೆ, ಆಗ ಓದಿಸುವುದು ಆಳವೇ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಆಳ ತೋಡಿ ಮೊರಂ (ಗರಸು ಮಣ್ಣು) ತುಂಬಿ ಗುದ್ದದೆ ಕಟ್ಟಿದ ಕಟ್ಟೆ ಕೆಲವೇ ವರ್ಷದಲ್ಲಿ ವಾಲುತ್ತದೆ. ನಮ್ಮ ಹಳ್ಳಿಗಳಲ್ಲಿ ಹನುಮಪ್ಪನ ಗುಡಿ ಮುಂದೆ ಓರೆಯಾಗಿ ನಿಂತ ವೀರಗಲ್ಲುಗಳನ್ನು ನೋಡಿದರೆ ಇದು ಅರ್ಥವಾದೀತು. ತುರು ಕಾಯಲು, ಊರು ಕಾಯಲು ಹೋರಾಡಿ ಬಿದ್ದವರ ಆ ಕಲ್ಲುಗಳಿಗೆ ಇವತ್ತು ಎಣ್ಣೆ ಹಚ್ಚುವವರಿದ್ದಾರೆ, ಹೆಸರು ಓದುವವರಿಲ್ಲ. ಅದು ಮತ್ತೆ ಆಗಬಾರದು.

ಸಮಯ ಮತ್ತು ದುಡ್ಡು. ಅಕ್ಟೋಬರ್ 21ಕ್ಕೆ ಬೇಕೆಂದರೆ ಆಗಸ್ಟ್ ಮುಗಿಯುವುದರೊಳಗೆ ಆರ್ಡರ್ ಕೊಡಿ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1ರ ರಾಜ್ಯೋತ್ಸವ, ಎರಡರ ನಡುವೆ ಸಿಕ್ಕಿಕೊಳ್ಳುವ ಕಾಲ ಅದು. ಸನ್ಮಾನದ ಸಾಮಾನುಗಳ ಗಡಿಬಿಡಿಯಲ್ಲಿ ಅವಸರದ ಕೆಲಸ ಹೆಸರಿನ ಮೇಲೆಯೇ ಬೀಳುತ್ತದೆ. ಬೆಲೆ ಬೆಳ್ಳಿಯ ದರದ ಜೊತೆ ಏರಿಳಿಯುವುದರಿಂದ ಒಟ್ಟು ಮೊತ್ತ ಕೇಳಿ ಚೌಕಾಸಿ ಮಾಡುವ ಬದಲು ಬಿಲ್ಲಿನಲ್ಲಿ ಮೂರು ಬೇರೆ ಬೇರೆ ಬರೆಸಿ: ಬೆಳ್ಳಿ ಎಷ್ಟು ಗ್ರಾಂ, ಎರಕ ಎಷ್ಟು, ಕೆತ್ತನೆಯ ಕೂಲಿ ಎಷ್ಟು. ಕೂಲಿಯಲ್ಲಿ ಕಡಿಮೆ ಮಾಡಿಸಬೇಡಿ. ಕಡಿಮೆ ಮಾಡಿದ ಕೂಲಿ ಗೀರಿನ ಆಳದಲ್ಲಿ ತೋರುತ್ತದೆ, ಆಳ ಸಾಲದ ಬೆಳ್ಳಿ ನಾಲ್ಕು ವರ್ಷಕ್ಕೆ ಎದ್ದು ಬರುತ್ತದೆ.

ಬಿಲ್ಲಿನ ಜೊತೆ ಇನ್ನೊಂದು ಮಾತು ಬರೆಸಿಕೊಳ್ಳಿ: ಮುಂದೆ ಕಪ್ಪು ಮಾಸಿದರೆ ಮತ್ತೆ ಹಾಕಿಕೊಡುವುದು. ಮಾಸಿದ ಫಲಕ ಹಾಳಾದಂತೆ ಅಲ್ಲ. ಹಲಗೆಯಿಂದ ಬಿಚ್ಚಿ ತಂದರೆ ಉಜ್ಜಿ, ಕಾಯಿಸಿ, ಅದೇ ಮಣ್ಣು ಹಚ್ಚಿ ಹೊಸದರಂತೆ ಕಪ್ಪು ಮಾಡುತ್ತಾರೆ, ಬೆಳ್ಳಿಗೆ ಏನೂ ಆಗುವುದಿಲ್ಲ. ತರುವ ಕೆಲಸ ಮನೆಯವರ ಮೇಲೆ ಬೀಳದಂತೆ, ಯಾವ ಅಂಗಡಿ, ಯಾವ ವರ್ಷ, ಸಂಘದಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದು ಹಲಗೆಯ ಹಿಂದಿನ ಚೀಟಿಯಲ್ಲೇ ಇರಲಿ.